ಬೆನ್ನ ಮೇಲಿನ ಲೆಫ್ಟಿನೆಂಟ್

ಹಲಸೂರು ಕೆರೆಯ ಹತ್ತಿರದ ಸ್ಮಾರಕ ಸಮಿತಿ ಕಚೇರಿಯಲ್ಲಿ ಮೂರ್ತಿಯ ಮಣ್ಣಿನ ಮಾದರಿಯ ಮೇಲಿದ್ದ ಒದ್ದೆ ಬಟ್ಟೆ ತೆಗೆದಾಗ ಅಜ್ಮತ್ ಒಂದು ಹೆಜ್ಜೆ ಹಿಂದೆ ಸರಿದ. ಸೈನಿಕನೊಬ್ಬ ಗುಂಡೇಟು ತಿಂದ ಅಧಿಕಾರಿಯನ್ನು ಬೆನ್ನ ಮೇಲೆ ಹೊತ್ತು ಬಂಡೆ ಇಳಿಯುತ್ತಿದ್ದ. ಅಧಿಕಾರಿ ಲೆಫ್ಟಿನೆಂಟ್ ಶಿಶಿರ್. ಸೈನಿಕನ ಮುಖ ಅಜ್ಮತ್‌ನದೇ, ಇಪ್ಪತ್ತೈದು ವರ್ಷ ಹಿಂದಿನದು.

"ಹೆಂಗಿದೆ ಅಜ್ಮತ್ ಅವ್ರೇ?" ಕಾರ್ಯದರ್ಶಿ ಶರಣಬಸವ ಹಿಗ್ಗಿನಿಂದ ಕೇಳಿದರು. "ಕಂಚಲ್ಲಿ ಹನ್ನೆರಡು ಅಡಿ ಬರುತ್ತೆ. ಅವತ್ತಿನದ್ದು ಕಣ್ಣಾರೆ ಕಂಡವ್ರು ನೀವೊಬ್ರೇ. ಹೇಳಿಕೆ ಬರೆದಿಟ್ಟಿದೀವಿ, ಸೈನ್ ಹಾಕ್ಬಿಡಿ. ಸೋಮವಾರ ಪ್ರಸ್ತಾವನೆ ಪಾಲಿಕೆಗೆ ಹೋಗ್ಬೇಕು."

ಹೇಳಿಕೆಯಲ್ಲಿ 'ಗುಂಡಿನ ದಾಳಿಯನ್ನು ಲೆಕ್ಕಿಸದೆ ತಕ್ಷಣವೇ ಮುನ್ನುಗ್ಗಿ' ಎಂದಿತ್ತು. 'ತಕ್ಷಣವೇ' ಎಂಬಲ್ಲಿಂದ ಅಜ್ಮತ್‌ನ ಕಣ್ಣು ಮುಂದೆ ಹೋಗಲಿಲ್ಲ.

"ಮನೇಲಿ ಓದಿ ತರ್ತೀನಿ ಸಾರ್."

ಕಾರ್ಗಿಲ್‌ನ ಆ ಗುಡ್ಡದಲ್ಲಿ ಗುಂಡು ತಗುಲಿ ಶಿಶಿರ್ ಬಿದ್ದದ್ದು ಅಜ್ಮತ್‌ನಿಂದ ಮೂವತ್ತು ಹೆಜ್ಜೆ ದೂರದಲ್ಲಿ. "ಅಜ್ಮತ್" ಎಂದು ಹೆಸರು ಹಿಡಿದೇ ಕೂಗಿದ್ದರು. ಅಜ್ಮತ್ ಬಂಡೆಯ ಮರೆಯಿಂದ ಅಲುಗಲಿಲ್ಲ. ನಡುವೆ ಒಮ್ಮೆ ಗುಂಡು ನಿಂತಿತ್ತು; ಆಗಲೂ ಏಳಲಿಲ್ಲ. ಕೂಗು ನಿಂತ ಮೇಲೆ ತೆವಳಿಕೊಂಡು ಹೋಗಿ ದೇಹವನ್ನು ಹೊತ್ತು ಇಳಿದ. ಕೆಳಗಿದ್ದವರು ಅವನನ್ನು ತಬ್ಬಿಕೊಂಡರು. ಯಾರೂ ಏನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಶಿವಾಜಿನಗರದ ಮನೆಗೆ ಬರುವಷ್ಟರಲ್ಲಿ ಹೆಂಡತಿ ಮಜೀದಾ ಸಮಿತಿಯಿಂದ ಬಂದ ಮಾದರಿಯ ಫೋಟೊವನ್ನು ಗಲ್ಲಿಗೆಲ್ಲ ಕಳಿಸಿಯಾಗಿತ್ತು. ಬೇಕರಿಯ ಓವೈಸ್ ಓಡಿಬಂದು ಕೈ ಹಿಡಿದ. ಶಾಲೆಯಲ್ಲಿ ಪಾಠ ಹೇಳುವ ಮಗಳು ಇಕ್ರಾ ಅಪ್ಪನ ತಟ್ಟೆಗೆ ಅನ್ನ ಬಡಿಸುತ್ತ ದಖನಿ ಉರ್ದುವಿನಲ್ಲಿ ಅಂದಳು: ಇನ್ನು ಸ್ಟಾಫ್ ರೂಮಿನಲ್ಲಿ 'ನೀವು ಯಾವ ದೇಶದವರು' ಅಂತ ನನ್ನನ್ನು ತಮಾಷೆಗೂ ಯಾರೂ ಕೇಳುವುದಿಲ್ಲ. ಅಜ್ಮತ್ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೈ ತೊಳೆದ.

ಭಾನುವಾರ ಬೆಳಿಗ್ಗೆ ಜೀವನ್ ಭೀಮಾನಗರಕ್ಕೆ, ಶಿಶಿರ್ ಅವರ ತಾಯಿ ಅಂಬುಜಮ್ಮನ ಮನೆಗೆ ಹೋದ. ಆಕೆ ಕಾಫಿ ತಂದಿಟ್ಟರು. ಅವನು ಲೋಟ ಮುಟ್ಟದೆ ಎಲ್ಲವನ್ನೂ ಹೇಳಿಬಿಟ್ಟ.

ಅಂಬುಜಮ್ಮ ಎದುರಿನ ಕುರ್ಚಿಯಲ್ಲಿ ಕೂತರು. "ಎಷ್ಟು ಹೊತ್ತು ಕೂಗ್ದ?"

"ಎರಡು ಗಂಟೆ ಇರ್ಬೋದಮ್ಮ."

"ನೋವು ಗೊತ್ತಾಗೋಕ್ ಮುಂಚೇನೇ ಹೋಗ್ಬಿಟ್ಟ ಅಂತ ಅವತ್ತು ನೀನೇ ಬಂದು ಅಂದಿದ್ಯಲ್ಲೋ. ಅವರಪ್ಪ ಅದನ್ನೇ ನಂಬ್ಕೊಂಡು ಕಣ್ಮುಚ್ಚಿದ್ರು. ನಾನೂ ಅದೊಂದನ್ನೇ ಹಿಡ್ಕೊಂಡು ಬದುಕಿದ್ದೆ."

"ಕ್ಷಮಿಸಿ ಅಮ್ಮ. ಶರಣಬಸವ ಅವ್ರಿಗೆ ಹೇಳ್ಬಿಡ್ತೀನಿ. ನನ್ನ ಮೂರ್ತಿ ಬೇಡ."

"ಏನಂತ ಹೇಳ್ತೀಯ? ನನ್ನ ಮಗ ಎರಡು ಗಂಟೆ ಕೂಗ್ತಾ ಬಿದ್ದಿದ್ದ ಅಂತಾನಾ? ನಾಳೆ ಪೇಪರಲ್ಲಿ ಅದು ಬರ್ಬೇಕಾ?" ಆಕೆ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದರು. "ನಿಂಗೆ ಹಗುರ ಆಗ್ಬೇಕಿತ್ತು, ಬಂದು ಹೇಳ್ದೆ. ನಾನು ಯಾರ ಹತ್ರ ಹೋಗ್ಲಿ? ಎಲ್ಲಿ ಆ ಕಾಗದ?"

ಅವನು ಕೊಟ್ಟ. ಆಕೆ ಟೀಪಾಯಿಯ ಮೇಲೆ ಅದನ್ನು ಬಿಡಿಸಿ ಪೆನ್ನು ಮುಂದಿಟ್ಟರು.

"ಸುಳ್ಳಾಗುತ್ತೆ ಅಮ್ಮ."

"ಸೈನ್ ಹಾಕು ಅಜ್ಮತ್. ಆಮೇಲೆ ಈ ಮನೆಗೆ ಬರ್ಬೇಡ."

ಅವನು ಸಹಿ ಹಾಕಿದ.

ಪಾಲಿಕೆ ಒಪ್ಪಿತು. ಮುಂದಿನ ವರ್ಷ ಕಂಚಿನ ಮೂರ್ತಿ ನಿಂತಿತು. ಅನಾವರಣದ ದಿನ ವೇದಿಕೆಯಲ್ಲಿ ಅಂಬುಜಮ್ಮ ಮತ್ತು ಅಜ್ಮತ್‌ನ ಕುರ್ಚಿಗಳನ್ನು ಅಕ್ಕಪಕ್ಕ ಹಾಕಿದ್ದರು. ಆಕೆ ಅವನತ್ತ ತಿರುಗಲೇ ಇಲ್ಲ. ಟಿವಿಯ ಹುಡುಗಿಯೊಬ್ಬಳು ಮೈಕ್ ಹಿಡಿದಳು.

"ಸಾರ್, ಅಷ್ಟು ಗುಂಡು ಹಾರ್ತಿದ್ದಾಗ ನಿಮ್ಗೆ ಭಯ ಆಗ್ಲಿಲ್ವಾ?"

ಎದುರಿನ ಸಾಲಿನಲ್ಲಿ ಇಕ್ರಾ ಫೋನ್ ಎತ್ತಿ ಹಿಡಿದಿದ್ದಳು.

"ಆಯ್ತು," ಅಂದ ಅಜ್ಮತ್. "ತುಂಬಾ ಭಯ ಆಯ್ತು."

ಎಂಥ ವಿನಯ ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವವರೆಗೂ ಅವನು ಕೈ ಮುಗಿದುಕೊಂಡು ನಿಂತೇ ಇರಬೇಕಾಯಿತು.