ಅತ್ತೆಯ ಎಲೆಅಡಿಕೆ

ದೋಸೆ ಹೊಯ್ದು ಮುಗಿಸಿ ಜಲಜಾಕ್ಷಿ ಅತ್ತೆಗೆ ಎಲೆಅಡಿಕೆ ಕುಟ್ಟಲು ಕೂತಳು. ಹಲ್ಲಿಲ್ಲದ ದೇವಮ್ಮನಿಗೆ ಹೊಗೆಸೊಪ್ಪು ಸೇರಿಸಿ ನುಣ್ಣಗೆ ಕುಟ್ಟಿ ಕೊಡುವುದು ಮದುವೆಯಾದಂದಿನಿಂದ ಅವಳದೇ ಕೆಲಸ. ಅಷ್ಟರಲ್ಲಿ ಮೊಬೈಲಿನಲ್ಲಿ ತರಗತಿ ಶುರುವಾಯಿತು. ಕ್ಯಾನ್ಸರ್ ಬಗ್ಗೆ ಊರವರಿಗೆ ತಿಳಿಹೇಳುವ ಅವಳಂಥ ಸ್ವಯಂಸೇವಕಿಯರಿಗೆ ಆನ್‌ಲೈನ್ ತರಬೇತಿ ಅದು. ಮಗಳು ಸುರಕ್ಷಾ ಬಂದು ಅಮ್ಮನಿಗೆ ಒರಗಿದಳು.

"ಹೊಗೆಸೊಪ್ಪು ಹಾಕುವವರ ಬಾಯಿಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಆಸ್ಪತ್ರೆಗೆ ತೋರಿಸಬೇಕು," ಎಂದರು ಪಾಠ ಹೇಳುವ ಡಾಕ್ಟರಮ್ಮ.

ಜಲಜಾಕ್ಷಿಯ ಕೈ ನಿಂತಿತು. ತಿಂಗಳಿಂದ ಅತ್ತೆ ಸಾರಿಗೆ ಖಾರವೇ ಬೇಡವೆನ್ನುತ್ತಿದ್ದರು. ತುತ್ತು ನುಂಗುವಾಗ ಕಣ್ಣು ಮುಚ್ಚುತ್ತಿದ್ದರು. ಅದನ್ನು ಸುರಕ್ಷಾಳೂ ನೋಡಿದ್ದಳು.

"ಎಂತ ಮಾರಾಯ್ತಿ, ನನ್ನ ಎಲೆಅಡಿಕೆಯೂ ಇನ್ನು ಮೊಬೈಲಲ್ಲೇ ಬರುದಾ?" ಜಗಲಿಯಿಂದ ದೇವಮ್ಮ ಕೆಣಕಿದರು.

ಜಲಜಾಕ್ಷಿ ಬರಿಗೈಯಲ್ಲಿ ಹೊರಬಂದು ಅತ್ತೆಯ ಪಕ್ಕ ಕೂತಳು. ತನ್ನೂರು ಕೋಡಿಂಬಾಳದ ಮನೆಮನೆಗೆ ಹೋಗಿ ಹೇಳಬೇಕಾದ ಮಾತು ಸ್ವಂತ ಅತ್ತೆಯ ಮುಂದೆ ಬಾಯಿಗೆ ಬರಲಿಲ್ಲ.

"ಅತ್ತೆ..." ಎಂದಳು. ಸೆರಗಿಗೆ ಕೈ ಒರೆಸಿಕೊಂಡಳು.

ಹಿಂದೆಯೇ ಬಂದಿದ್ದ ಸುರಕ್ಷಾ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಅಜ್ಜಿಯ ತೊಡೆಯೇರಿ, ಸುಕ್ಕುಗಟ್ಟಿದ ಆ ಕೆನ್ನೆಗಳನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹಿಡಿದು ಕೇಳಿಯೇ ಬಿಟ್ಟಳು:

"ಅಜ್ಜಿ, ನಿಮಗೆ ಬಾಯಲ್ಲಿ ನೋವು ಉಂಟಲ್ಲಾ, ಅಮ್ಮನಿಗೆ ಒಮ್ಮೆ ತೋರಿಸ್ತೀರಾ?"