ಗಾಳಿ ಸೋರುವ ಸಿಳ್ಳೆ

"ತಗೋ ಅತ್ತೆ, ಓಡಿಹೋಗಿದ್ದ ನಿನ್ನ ಕಳ್ಳ ಸಿಕ್ಕಿಬಿದ್ದ!" ಎಂದು ಸೋದರಳಿಯ ಫೌಸ್ತಿನೊ ಪಂಜರವನ್ನು ಎಲ್ಪಿದಿಯಾಳ ಮುಂದೆ ಕುಕ್ಕಿದ. ಒಳಗೆ ಬೂದು ಬಣ್ಣದ ಅಣಕುಹಕ್ಕಿಯೊಂದು ಮುದುರಿ ಕೂತಿತ್ತು.

ಎಲ್ಪಿದಿಯಾ ಟೊಟೊಪೊ ರೊಟ್ಟಿ ಸುಡುವುದನ್ನು ಬಿಟ್ಟು ಎದ್ದಳು. ಗಂಡ ನಿಕಾಂದ್ರೊ ಸತ್ತ ಮೇಲೆ ಅವನ ದನಿ ಉಳಿದಿದ್ದು ಅವನು ಸಾಕಿದ ಹಕ್ಕಿಯ ಗಂಟಲಲ್ಲಿ ಮಾತ್ರ. ಮೀನು ಹಿಡಿದು ಬರುವಾಗ ಅವನು ಬೀದಿಯ ತಿರುವಿನಲ್ಲೇ ಸಿಳ್ಳೆ ಹಾಕುತ್ತಿದ್ದ, ಕಾಫಿಗೆ ನೀರಿಡು ಎಂದು. ಮುಂದಿನ ಹಲ್ಲು ಉದುರಿದ್ದರಿಂದ ಸಿಳ್ಳೆ ಕೊನೆಗೆ ಪುಸ್ಸೆಂದು ಸೋರಿಹೋಗುತ್ತಿತ್ತು. ಆ ಪುಸ್ಸನ್ನೂ ಹಕ್ಕಿ ಬಿಡದೆ ಕಲಿತಿತ್ತು. ಹುಚಿತಾನ್ ಊರಿನ ಗಾಳಿಗೆ ಲಾರಿಯೇ ಮಗುಚುತ್ತದೆ, ಪಂಜರದ ಮಾತೇನು! ಅದು ಉರುಳಿ ಹಕ್ಕಿ ಹಾರಿಹೋದ ದಿನ ಅವಳು ಗಂಡ ಮತ್ತೆ ಸತ್ತನೆಂಬಂತೆ ಅತ್ತಿದ್ದಳು.

"ಇದು ನಮ್ಮದಲ್ಲ ಅನ್ಸುತ್ತೆ ಕಣೋ."

"ಸುಮ್ನಿರತ್ತೆ. ಅದೇ ಬೂದು, ಅದೇ ಉದ್ದ ಬಾಲ. ಅತ್ತು ಅತ್ತು ನಿನ್ನ ಕಣ್ಣು ಮಂಜಾಗಿದೆ."

"ನಿಮ್ಮ ಮಾವ ತಂದಿದ್ದು ಬಡಗಣ ಸೀಮೆ ಹಕ್ಕಿ. ಅದರ ರೆಕ್ಕೇಲಿ ದೊಡ್ಡ ಬಿಳಿ ಮಚ್ಚೆ ಇತ್ತು. ನಮ್ಮೂರ ಹಕ್ಕೀಗೆ ಅದಿರಲ್ಲ. ಹಾರಲಿ, ಗೊತ್ತಾಗುತ್ತೆ."

ಕಿಟಕಿ ಬಾಗಿಲು ಮುಚ್ಚಿ ಪಂಜರ ತೆರೆದರು. ಹಕ್ಕಿ ಕೋಣೆಯನ್ನೆಲ್ಲ ಸುತ್ತಿ ಜೋಲಿಯ ಹಗ್ಗದ ಮೇಲೆ ಕೂತಿತು. ಅಗಲಿಸಿದ ರೆಕ್ಕೆಯಲ್ಲಿ ಬಿಳಿ ಮಚ್ಚೆ ಇರಲೇ ಇಲ್ಲ.

"ಥೂ! ಊರ ಹಕ್ಕಿ!" ಫೌಸ್ತಿನೊ ತಲೆ ಕೆರೆದುಕೊಂಡ. "ಇವಕ್ಕೆಲ್ಲಿ ಅಣಕ ಬರುತ್ತೆ? ತಮ್ಮ ತಮ್ಮಲ್ಲಿ ಕಲಿತದ್ದನ್ನೇ ಒದರ್ತಾವೆ."

"ಹೋಗಲಿ ಬಿಡು" ಎಂದಳು ಎಲ್ಪಿದಿಯಾ. ಕಿಟಕಿಯ ಚಿಲಕಕ್ಕೆ ಕೈ ಹಾಕಿದಳು.

ಆಗ ಹಗ್ಗದ ಮೇಲಿಂದ ಸಿಳ್ಳೆ ಬಂತು. ಉದ್ದಕ್ಕೆ ಎದ್ದು, ಬಾಗಿ, ಕೊನೆಗೆ ಪುಸ್ಸೆಂದಿತು.

ಎಲ್ಪಿದಿಯಾ ಚಿಲಕ ಬಿಟ್ಟು ತಿರುಗಿದಳು. ಫೌಸ್ತಿನೊ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

"ದೇವರೇ! ಇದು ಮಾವನ್ನ ಕಂಡೇ ಇಲ್ಲವಲ್ಲತ್ತೆ! ನಾನಿದನ್ನ ಹಿಡಿದಿದ್ದು ಹಿನ್ನೀರಿನ ಆಚೆ ದಡದಲ್ಲಿ."

"ನಮ್ಮದು ಬದುಕಿದೆ ಕಣೋ" ಎಂದಳು ಅವಳು, ಪಿಸುದನಿಯಲ್ಲಿ. "ಆಚೆ ದಡದಲ್ಲಿ ಕೂತು ಊರ ಹಕ್ಕಿಗಳಿಗೆ ಕಲಿಸ್ತಾ ಇದೆ."

"ಹಾಗಾದ್ರೆ ಇದನ್ನೇ ಇಟ್ಕೋ! ಮಾವನ ಸಿಳ್ಳೆ ಮನೇಲೇ ಇರುತ್ತೆ."

ಅವಳು ಖಾಲಿ ಪಂಜರವನ್ನು ನೋಡಿದಳು, ಹಕ್ಕಿಯನ್ನು ನೋಡಿದಳು. ಇಟ್ಟುಕೊಳ್ಳುವ ಆಸೆ ಅವಳಿಗೆ ಬಲವಾಗಿಯೇ ಇತ್ತು.

"ಇದನ್ನ ಕೂಡಿಹಾಕಿದ್ರೆ ಇನ್ನೊಂದು ಹಕ್ಕಿ ಯಾರ ಹತ್ರ ಕಲೀಬೇಕೋ?" ಎಂದು ಚಿಲಕ ತೆಗೆದಳು.

ಸಂಜೆ ಗಾಳಿ ಇಳಿದ ಮೇಲೆ ಬೀದಿಯ ತಿರುವಿನ ಹುಣಸೆಮರದಿಂದ ಸಿಳ್ಳೆ ಕೇಳಿತು. ಯಾವ ಹಕ್ಕಿಯೋ ಕಾಣಲಿಲ್ಲ. ಎಲ್ಪಿದಿಯಾ ಎದ್ದು ಕಾಫಿಗೆ ನೀರಿಟ್ಟಳು.