ಸಾವ್ಕಾರರು ಕೊಟ್ಟದ್ದು

"ಕಾಲೆತ್ತೇ ಮುಂಡೆ, ಟೇಪು ತುಳೀತಿದ್ದೀ!"

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗಣಪಯ್ಯ ಹೊಸ್ತಿಲಾಚೆ ನಿಂತೇ ಕೂಗಿದ. ಕೂಲಿಲೈನಿನ ಮನೆಯೊಳಕ್ಕೆ ಅವನು ಕಾಲಿಡುವವನಲ್ಲ. ಟೇಪಿನ ಇನ್ನೊಂದು ತುದಿಯನ್ನು ಜವರಮ್ಮನ ಸೊಸೆ ಮುದ್ದಮ್ಮನೇ ಒಲೆಯ ಹಿಂದಿನ ಗೋಡೆಗೆ ಒತ್ತಿ ಹಿಡಿದಿದ್ದಳು.

ಜವರಮ್ಮ ಕಾಲೆತ್ತಿದಳು. ಅವಳು ಮದುವೆಯಾಗಿ ಬಂದಾಗಿನಿಂದ ಈ ಮನೆಯನ್ನು ಯಾರೂ ಅಳೆದದ್ದಿಲ್ಲ. ಕೂಲಿ ಏರಿಸಿ ಎಂದು ಆಳುಗಳೆಲ್ಲ ಕಾಫಿ ಕಣದಲ್ಲಿ ಕೂತದ್ದು ಮೊನ್ನೆ. ಇವತ್ತು ಅಳತೆ. ಏನೋ ಇದೆ.

"ಎಂತಕ್ಕೆ ಅಯ್ಯಾ? ಹೊರಗೆ ಹಾಕ್ತೀರಾ?"

"ಕಂಪ್ಯೂಟರಿಗೆ, ಮಾರಾಯ್ತಿ. ಹೊಸ ಪ್ರೋಗ್ರಾಮು. ಎಸ್ಟೇಟಿಂದ ನಿಂಗೆ ಏನೇನು ಸಿಕ್ಕಿದೆ ಅಂತ ಅದಕ್ಕೆ ತುಂಬ್ಸಬೇಕು. ಒಂದೂ ಬಿಡದೆ ಹೇಳು."

ಪಕ್ಕದ ಮನೆಯ ವಸಂತಮ್ಮ ಕಿವಿಯಲ್ಲಿ ಉಸುರಿದಳು: "ಮನೆ ನಮ್ಮ ಹೆಸ್ರಿಗೆ ಮಾಡಕ್ಕಂತೆ ಕಣೇ. ಜಾಸ್ತಿ ಹೇಳು, ಹಳೇ ಆಳು ಅಂತ ಗೊತ್ತಾಗ್ಲಿ."

ಜವರಮ್ಮನಿಗೆ ಅರ್ಧ ನಂಬಿಕೆ ಬಂತು. ಹೇಳಿದಳು: ಮಳೆಗಾಲದ ಕಂಬಳಿ, ನೆರಳುಮರದ ಕೊಂಬೆ ಕಡಿಯುವ ಮರಗಸಿಯಲ್ಲಿ ಬಿದ್ದ ಸೌದೆ, ನಲ್ಲಿ ನೀರು, ಕಾಲು ಬಾತಾಗ ಮೂಡಿಗೆರೆಗೆ ಹೋದ ಜೀಪು.

"ಮತ್ತೆ?"

"ಗಂಡನ್ನ ಹೂಳಕ್ಕೆ ಹೊಳೆ ಬದಿ ಆರಡಿ ಕೊಟ್ರಲ್ಲ."

ಗಣಪಯ್ಯ ಅದನ್ನೂ ಬರೆದುಕೊಂಡ.

ಬಟವಾಡೆಯ ದಿನ ಆಫೀಸಿನ ಜಗಲಿಯಲ್ಲಿ ಎಸ್ಟೇಟಿನ ಒಡೆಯ ಸಾವ್ಕಾರ್ ಚಂದ್ರಶೇಖರಪ್ಪ ಕುರ್ಚಿ ಹಾಕಿಸಿಕೊಂಡಿದ್ದರು. ಪಕ್ಕದಲ್ಲಿ ಹೊಸ ಕಂಬಳಿಗಳ ರಾಶಿ. ಆಳುಗಳು ಮೆಟ್ಟಿಲ ಕೆಳಗೆ. ಒಬ್ಬೊಬ್ಬರಿಗೂ ಬಣ್ಣದ ಹಾಳೆ. ಕೂಲಿಗೆ ಒಂದೇ ಸಾಲು. ಅದರ ಕೆಳಗೆ ಸಾವ್ಕಾರರು ಕೊಟ್ಟದ್ದೆಲ್ಲ, ಪ್ರತಿಯೊಂದರ ಮುಂದೆ ಬೆಲೆ.

ಗಣಪಯ್ಯ ಜವರಮ್ಮನದನ್ನು ಗಟ್ಟಿಯಾಗಿ ಓದಿದ. ಮನೆ. ಸೌದೆ. ಕಂಬಳಿ. ನೀರು. ಜೀಪು.

"ಜಾಗ, ಹೊಳೆ ಬದಿ, ಆರಡಿ. ತಿಂಗಳ ಬಾಡಿಗೆ..."

ಯಾರೋ ಕಿಸಕ್ಕೆಂದು ನಕ್ಕು, ಒಬ್ಬನೇ ನಕ್ಕಿದ್ದು ಗೊತ್ತಾಗಿ ಸುಮ್ಮನಾದ.

"ಕೇಳಿದ್ರಾ?" ಎಂದರು ಸಾವ್ಕಾರರು. "ಕೂಲಿಗಿಂತ ನಾನು ಮೇಲೆ ಕೊಟ್ಟಿದ್ದೇ ಜಾಸ್ತಿ. ಆದ್ರೂ ಏರಿಸಿ ಅಂತೀರಿ, ನಾಚಿಕೆಗೆಟ್ಟ ಮುಂಡೇವು. ಎಲ್ಲ ಸಿಕ್ಕಿದೆ, ಈ ಕೂಲಿ ಸಾಕು ಅಂತ ಹೆಬ್ಬೆಟ್ಟು ಒತ್ತಿ, ಕಂಬಳಿ ತಗೊಂಡು ಹೋಗಿ."

"ಸತ್ತೋನು ಬಾಡಿಗೆಗೆ ಮಲಗವ್ನಾ, ಸಾವ್ಕಾರ್ರೆ?" ಜವರಮ್ಮ ಕೇಳಿದಳು.

"ಜಾಗ ಅಂತ ತುಂಬ್ಸಿದ್ರೆ ಕಂಪ್ಯೂಟರು ಹಂಗೇ ಲೆಕ್ಕ ಹಾಕ್ತದೆ," ಗಣಪಯ್ಯ ಗೊಣಗಿದ.

"ನಿಮ್ಮ ಮರಗಸಿ ಮಾಡ್ತಾ ಬಿದ್ದು ಸತ್ನಲ್ಲ, ಅದನ್ನ ತುಂಬ್ಸಿದ್ರಾ? ಯಾವ ಸಾಲಲ್ಲಿ ಅದೆ, ಓದಿ."

ಗಣಪಯ್ಯ ಹಾಳೆಯನ್ನು ತಿರುಗಿಸಿ ನೋಡಿದ. ಹಿಂದೆ ಖಾಲಿ.

ಸಾವ್ಕಾರರು ದನಿ ಇಳಿಸಿದರು. "ಆಯ್ತು ಮಾರಾಯ್ತಿ, ಆ ಆರಡಿ ಸಾಲು ತೆಗೆಸ್ತೀನಿ. ನೀನು ಒತ್ತಿದ್ರೆ ಉಳಿದೋರೂ ಒತ್ತುತಾರೆ. ತಗೋ, ಎರಡು ಕಂಬಳಿ."

ಕಂಬಳಿಗಳು ಮೆಟ್ಟಿಲ ಮೇಲೆ ಬಂದು ಬಿದ್ದವು. ಗಣಪಯ್ಯ ಶಾಯಿಡಬ್ಬಿಯನ್ನು ಅವುಗಳ ಪಕ್ಕಕ್ಕಿಟ್ಟು ಹಿಂದೆ ಸರಿದ. ಮುದ್ದಮ್ಮನ ಕೈ ಮುಂದೆ ಹೋಯಿತು. ಜವರಮ್ಮ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಒತ್ತಲ್ಲ."